ಭೇದ ಬೇರೆ, ಸ್ವಾತಂತ್ರ್ಯ ಬೇರೆ

ಫೋನ್ ನಿಂತರೆ ವ್ಯವಹಾರವೇ ನಿಲ್ಲುವ ಕಚೇರಿಗಳು ಎರಡು ಲೈನ್ ಇಟ್ಟುಕೊಳ್ಳುತ್ತವೆ. ಒಂದು ಕೆಟ್ಟರೆ ಕರೆಗಳು ತಾವಾಗಿ ಇನ್ನೊಂದಕ್ಕೆ ಹೊರಳಲಿ ಎಂದು. ಈ ಏರ್ಪಾಡಿನಲ್ಲಿ ಹಳೆಯ ತತ್ತ್ವಪ್ರಶ್ನೆಯೊಂದು ಅಡಗಿದೆ: ಎರಡೆಂದು ಎಣಿಸಿದ್ದು ನಿಜಕ್ಕೂ ಎರಡಾಗಿ ಉಪಯೋಗಕ್ಕೆ ಬರುವುದು ಯಾವಾಗ? ಮಧ್ವಾಚಾರ್ಯರ ಪಂಚಭೇದದಲ್ಲಿ ಜಡಕ್ಕೂ ಜಡಕ್ಕೂ ನಡುವಣ ಭೇದವೂ ಸೇರಿದೆ. ಆ ಲೆಕ್ಕಕ್ಕೆ ಎರಡು ತಂತಿ ಎಂದೆಂದಿಗೂ ಎರಡೇ. ಆದರೆ ‘ತತ್ತ್ವಸಂಖ್ಯಾನ’ದಲ್ಲಿ ಅವರು ಮೊದಲು ಮಾಡುವ ವಿಂಗಡಣೆ ಸ್ವತಂತ್ರ, ಅಸ್ವತಂತ್ರ ಎಂಬುದು. ಒಂದಕ್ಕೊಂದು ಭಿನ್ನವಾದ ಅಸಂಖ್ಯ ವಸ್ತುಗಳು ಒಂದೇ ಆಸರೆಯಲ್ಲಿ ನಿಂತಿರಬಹುದು. ಭೇದ ಕಂಡಲ್ಲೆಲ್ಲ ಸ್ವಾತಂತ್ರ್ಯವೂ ಇದೆಯೆಂದು ಬಗೆಯುವುದೇ ಬದಲಿ ವ್ಯವಸ್ಥೆಗಳ ಮೂಲದೋಷ. 2022ರ ಜುಲೈ 8ರಂದು ಕೆನಡಾದಲ್ಲಿ ರಾಜರ್ಸ್ ಕಂಪನಿಯ ಮೊಬೈಲ್ ಸೇವೆ, ಸ್ಥಿರ ಸಂಪರ್ಕ ಎರಡೂ ಒಟ್ಟಿಗೆ ಬಿದ್ದವು. ಹೊರಗೆ ಎರಡು ಸೇವೆ, ಒಳಗೆ ಕೇಂದ್ರಜಾಲ ಒಂದೇ. ನಿರ್ವಹಣೆಯ ಕೆಲಸದಲ್ಲಿ ಒಂದು ಫಿಲ್ಟರ್ ತೆಗೆದದ್ದರಿಂದ ನುಗ್ಗಿದ ಮಾಹಿತಿಯ ಪ್ರವಾಹದಲ್ಲಿ ಅದು ಮುಳುಗಿತು. ಒಂದು ಕೋಟಿ 20 ಲಕ್ಷಕ್ಕೂ ಹೆಚ್ಚು ಗ್ರಾಹಕರ ಸಂಪರ್ಕ ಕಡಿಯಿತು. ದುರಸ್ತಿ ಮಾಡಬೇಕಾದ ಸಿಬ್ಬಂದಿಯೂ ಅದೇ ಜಾಲವನ್ನು ನೆಚ್ಚಿದ್ದರಿಂದ ತಮ್ಮತಮ್ಮಲ್ಲೇ ಮಾತಾಡಲು ಪರದಾಡಿದರು.

ಮಧ್ವರು ಹೇಳುವಂತೆ ಪೂರ್ಣ ಸ್ವತಂತ್ರ ಭಗವಂತನೊಬ್ಬನೇ ಆದರೆ ಯಾವ ಬದಲಿಯೂ ಹುಸಿಯೇ ಅಲ್ಲವೇ ಎಂದು ಕೇಳಬಹುದು. ಕಚೇರಿಗೆ ಬೇಕಾದದ್ದು ಅಂಥ ಪೂರ್ಣತೆಯಲ್ಲ. ಮೊದಲನೆಯದನ್ನು ಕೆಡಿಸಿದ ಕಾರಣ ಎರಡನೆಯದನ್ನು ಮುಟ್ಟದಿದ್ದರೆ ಸಾಕು. ಎರಡು ಕಂಪನಿಗಳ ಕೇಬಲ್ ರಸ್ತೆಯಡಿ ಒಂದೇ ಕೊಳವೆಯಲ್ಲಿ ಸಾಗಿದ್ದರೆ ಜೆಸಿಬಿಗೆ ಕಂಪನಿಗಳ ಹೆಸರು ತಿಳಿಯದು. ಇದಕ್ಕಿಂತ ಗಟ್ಟಿಯಾದ ಆಕ್ಷೇಪವೂ ಇದೆ: ಒಂದೇ ಬಗೆಯ ಯಂತ್ರಗಳಾದರೆ ಖರ್ಚು ಕಡಿಮೆ, ಕಲಿಯುವುದು ಸುಲಭ, ಸವೆತ, ಬೆಂಕಿ, ನೀರುಗಳಿಂದ ಬೇರೆಡೆ ಇಟ್ಟ ನಕಲು ಕಾಪಾಡುತ್ತದೆಯಲ್ಲ? ಕಾಪಾಡುತ್ತದೆ, ದೋಷ ಯಂತ್ರದ ಮೈಯಲ್ಲಿದ್ದಾಗ. ಅದರ ತಂತ್ರಾಂಶದಲ್ಲೇ ಇದ್ದರೆ ನಕಲಿನ ಜೊತೆ ದೋಷವೂ ನಕಲಾಗುತ್ತದೆ. 1990ರ ಜನವರಿ 15ರಂದು ಅಮೆರಿಕದ ಎಟಿ ಅಂಡ್ ಟಿ ದೂರವಾಣಿ ಜಾಲದಲ್ಲಿ ಕರೆಗಳನ್ನು ಹಾಯಿಸುವ ನ್ಯೂಯಾರ್ಕಿನ ಒಂದು ಸ್ವಿಚ್ ತೊಂದರೆಗೆ ಸಿಕ್ಕಿ, ತಾನೇ ಸರಿಪಡಿಸಿಕೊಂಡು ಮರಳಿತು. ಅದು ಕಳಿಸಿದ ಸಂದೇಶಗಳೇ ನೆರೆಯ ಸ್ವಿಚ್‌ಗಳನ್ನು ಕೆಡವಿದವು. ಅವು ಎದ್ದು ತಮ್ಮ ನೆರೆಯವನ್ನು ಕೆಡವಿದವು. ಒಟ್ಟು 114 ಸ್ವಿಚ್‌ಗಳಲ್ಲೂ ಅದೇ ಹೊಸ ತಂತ್ರಾಂಶ. ಸುಮಾರು ಒಂಬತ್ತು ಗಂಟೆ ಜಾಲವನ್ನು ಕಾಡಿದ್ದು ಅದರ ಚೇತರಿಕೆಯ ಕ್ರಮವೇ.

ಹೊರಳುವ ಗಳಿಗೆ ಬಂದಿದೆಯೆಂದು ನಿರ್ಧರಿಸುವ ಭಾಗಕ್ಕೂ ಸ್ವಾತಂತ್ರ್ಯದ ಇದೇ ಪ್ರಶ್ನೆ ಕೇಳಬೇಕು. ರಾಜರ್ಸ್ ಪ್ರಕರಣದಲ್ಲಿ ಕೇಂದ್ರ ಬಿದ್ದರೂ ಟವರ್‌ಗಳು ಸಂಕೇತ ಬೀರುತ್ತಲೇ ಇದ್ದವು. ಜಾಲ ಇದೆಯೆಂದೇ ನಂಬಿದ ಎಷ್ಟೋ ಫೋನ್‌ಗಳು ತುರ್ತು ಸಂಖ್ಯೆ 911ಕ್ಕೆ ಕರೆ ಮಾಡುವಾಗಲೂ ಪಕ್ಕದ ಕಂಪನಿಯ ಟವರನ್ನು ಹುಡುಕಲಿಲ್ಲ.