ಜಗಲಿಯಿಂದ ಮೇಜಿನ ತನಕ



ತುಳುನಾಡಿನ ಮನೆಗಳಲ್ಲಿ ಅತಿಥಿಗೆ ಮೊದಲು ದೊರೆಯುವುದು ಬೆಲ್ಲ ಮತ್ತು ನೀರು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಯಾವ ಹಳ್ಳಿಯವರಿಗೂ ಈ ಪದ್ಧತಿಯನ್ನು ವಿವರಿಸಬೇಕಾಗಿಲ್ಲ. ಆದರೆ ಅದೇ ಹಳೆಯ ಮನೆಗಳಲ್ಲಿ ಇನ್ನೊಂದು ಲೆಕ್ಕವೂ ಇತ್ತು. ಕೆಲವರು ಅಂಗಳದಲ್ಲಿಯೇ ನಿಲ್ಲಬೇಕು, ಕೆಲವರು ಜಗಲಿಯ ತನಕ ಬರಬಹುದು, ಕೆಲವರು ಚಾವಡಿಯಲ್ಲಿ ಕುಳಿತುಕೊಳ್ಳಬಹುದು. ಒಳಗೆ ಎಲೆ ಹಾಕಿಸಿಕೊಂಡು ಉಣ್ಣುವವರು ಕೆಲವರೇ. ಮಾತಿನ ಉಪಚಾರ ಎಲ್ಲರಿಗೂ ಸಿಗುತ್ತಿತ್ತು, ಪ್ರವೇಶ ಮಾತ್ರ ಅವರವರ ಜಾತಿ ಅಂತಸ್ತುಗಳಿಗೆ ತಕ್ಕಷ್ಟೇ ಇತ್ತು.

ನಮ್ಮ ಸಭೆಗಳ ಬಾಗಿಲಲ್ಲಿಯೂ ಸ್ವಾಗತದ ಮಾತಿದೆ. ಬಂದವರನ್ನು ನಾವು ಎಲ್ಲಿಯವರೆಗೆ ಬರಮಾಡಿಕೊಳ್ಳುತ್ತೇವೆ ಎಂಬುದೇ ಇಲ್ಲಿ ವಿಚಾರಿಸಬೇಕಾದ ಪ್ರಶ್ನೆ.

ಮೊದಲು ಹಾಡನ್ನು ತೆಗೆದುಕೊಳ್ಳೋಣ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನಿನವರು ತಮ್ಮ ಜರ್ಮನ್ ರಾಗಗಳನ್ನೂ ಜೊತೆಗೆ ತಂದರು. ಆ ರಾಗಗಳು ಕನ್ನಡದ ಮಾತುಗಳನ್ನು ತೊಟ್ಟು ಇಂದು ನಮ್ಮ ಅಜ್ಜಿಯಂದಿರ ಬಾಯಲ್ಲಿ ಪುಸ್ತಕವಿಲ್ಲದೆಯೇ ಹರಿಯುತ್ತವೆ. ಅವು ಪರಕೀಯವೆಂದು ಈಗ ಯಾರೂ ಹೇಳಲಾರರು. ಆದರೂ ಆ ಕಾಲದಲ್ಲಿಯೇ ಇದಿಷ್ಟೇ ಸಾಲದೆಂದು ತಿಳಿದವರಿದ್ದರು. ಫರ್ಡಿನಂಡ್ ಕಿಟ್ಟೆಲರು 1862ರ ತಮ್ಮ ‘ಕಥಾಮಾಲೆ’ಯಲ್ಲಿ ಯೇಸುವಿನ ಚರಿತ್ರೆಯನ್ನು ಈ ನಾಡಿನ ಛಂದಸ್ಸುಗಳಲ್ಲಿ ಪದ್ಯವಾಗಿ ಬರೆದರು. ತುಳುವಿನಲ್ಲಿ ಹೊಸ ಒಡಂಬಡಿಕೆಯು 1847ರಷ್ಟು ಹಿಂದೆಯೇ ಅಚ್ಚಾಗಿತ್ತು. ಸುವಾರ್ತೆಯನ್ನು ಕೇಳುವವನು ತನ್ನ ಮನೆಯ ಮಾತಿನಲ್ಲಿಯೇ ಕೇಳಲಿ ಎಂಬ ಗೌರವ ಈ ಶ್ರಮದ ಹಿಂದೆ ಇತ್ತು.

ಇಂದು ನಮ್ಮ ಸುತ್ತಮುತ್ತ ತುಳು, ಕನ್ನಡ, ಕೊಂಕಣಿ, ಬ್ಯಾರಿ, ಮಲಯಾಳ ಎಲ್ಲವೂ ಕೇಳಿಸುತ್ತವೆ. ಕೇರಳದಿಂದ ಬಂದು ನೆಲೆಸಿದ ಕುಟುಂಬಗಳು ಎಷ್ಟಿವೆಯೆಂದರೆ, 1999ರಲ್ಲಿ ಬೆಳ್ತಂಗಡಿಯೇ ಸಿರೋ-ಮಲಬಾರ್ ಧರ್ಮಪ್ರಾಂತ್ಯವೊಂದರ ಕೇಂದ್ರವಾಯಿತು. ಇಂಥ ಊರಿನಲ್ಲಿ ಒಂದು ಸಭೆಯು ಹಾಡನ್ನು ಆರಿಸುವುದು ಕೇವಲ ರುಚಿಯ ವಿಷಯವಾಗದು. ಬೀಡಿ ಕಟ್ಟಿ ಜೀವನ ಸಾಗಿಸುವ, ಓದು ಬಾರದ ತಾಯಿಯೊಬ್ಬಳು ಕೊನೆಯ ಬೆಂಚಿನಲ್ಲಿ ಕುಳಿತಿರುವಾಗ, ಗಾಯನ ಮಂಡಳಿಯವರು ನಾಲ್ಕು ಸ್ವರಗಳಲ್ಲಿ ಸೊಗಸಾಗಿ ಹಾಡಿದರೂ ಆಕೆ ಒಂದು ಸಾಲನ್ನಾದರೂ ಜೊತೆಗೂಡಿ ಹಾಡಲಾಗದಿದ್ದರೆ, ಆಕೆ ಆ ಹೊತ್ತು ಜಗಲಿಯಲ್ಲಿಯೇ ಉಳಿದಳಲ್ಲವೇ? ಮಂಡಳಿಯು ಬೇಡವೆಂದಲ್ಲ. ಸಭೆಯನ್ನು ಹಾಡಿಸುವುದಕ್ಕಾಗಿ ಅದು ಇದೆ, ಸಭೆಯ ಬದಲಿಗೆ ಹಾಡುವುದಕ್ಕಲ್ಲ. ಒಂದು ಆರಾಧನೆಯಲ್ಲಿ ಒಂದಾದರೂ ತುಳು ಹಾಡು, ಪಲ್ಲವಿಯನ್ನು ಎಲ್ಲರೂ ಹಿಡಿಯಬಲ್ಲ ಒಂದು ಭಜನೆ ಇದ್ದರೆ ಆರಾಧನೆಯ ಘನತೆಗೆ ಕುಂದು ಬರುವುದಿಲ್ಲ.

ಎರಡನೆಯದು ಸಮಾಧಾನದ ಹಸ್ತ. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ದಕ್ಷಿಣ ಭಾರತ ಸಭೆಯು ಹುಟ್ಟಿದಾಗ, ಬಿಷಪರಿದ್ದ ಆಂಗ್ಲಿಕನ್ ಸಭೆಯೂ ಬಿಷಪರಿಲ್ಲದ ಇತರ ಸಭೆಗಳೂ ಒಂದಾದವು. ಮೂರು ವರ್ಷಗಳ ಬಳಿಕ, 1950ರಲ್ಲಿ ಪ್ರಕಟವಾದ ಕರ್ತನ ಭೋಜನದ ಕ್ರಮದಲ್ಲಿ ಸಭಿಕರು ಪರಸ್ಪರ ಸಮಾಧಾನವನ್ನು ಕೈಯಿಂದ ಕೈಗೆ ದಾಟಿಸುವ ವಿಧಿಯನ್ನು ಸೇರಿಸಲಾಯಿತು. ಪುರಾತನ ಸಭೆಯಲ್ಲಿದ್ದು ಸಿರಿಯನ್ ಕ್ರೈಸ್ತರಲ್ಲಿ ಉಳಿದುಬಂದಿದ್ದ ಪದ್ಧತಿ ಅದು. ಈ ದೇಶದಲ್ಲಿ ಇನ್ನೊಬ್ಬರ ಕೈಯನ್ನು ಹಿಡಿಯುವುದೆಂದರೆ ಸಾಮಾನ್ಯ ಸಂಗತಿಯಾಗಿರಲಿಲ್ಲ. ಯಾರು ಯಾರನ್ನು ಮುಟ್ಟಬಹುದೆಂಬ ಕಟ್ಟಳೆಯ ನಡುವೆ ಆರಾಧನೆಯೇ ಕೈಗಳನ್ನು ಕೂಡಿಸಿತು. ಆದರೆ ಪರಿಚಿತರಿಗೆ ಮಾತ್ರ ಕೈಚಾಚಿ, ವ್ಯಾಜ್ಯವಿರುವ ಬಂಧುವನ್ನು ಕಂಡೂ ಕಾಣದಂತೆ ತಿರುಗಿಕೊಂಡರೆ ಆ ವಿಧಿಯಲ್ಲಿ ಏನು ಉಳಿಯುತ್ತದೆ?

ಮೂರನೆಯದು ಕರ್ತನ ಮೇಜು. ಇಲ್ಲಿ ಒಂದು ಗಂಭೀರವಾದ ಆಕ್ಷೇಪಣೆಯಿದೆ: “ಎಲ್ಲರನ್ನೂ ಬರಮಾಡಿಕೊಂಡರೆ ಪರಿಶುದ್ಧತೆಯ ಗತಿಯೇನು? ಅಯೋಗ್ಯವಾಗಿ ತಿಂದು ಕುಡಿಯುವವನು ತನ್ನ ಮೇಲೆ ನ್ಯಾಯತೀರ್ಪನ್ನು ಬರಮಾಡಿಕೊಳ್ಳುತ್ತಾನೆಂದು ಪೌಲನು ಎಚ್ಚರಿಸಿಲ್ಲವೇ?” ಎಚ್ಚರಿಸಿದ್ದಾನೆ, ಅದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಭೋಜನಕ್ಕೆ ಮುಂಚೆ ದೀಕ್ಷಾಸ್ನಾನ, ಆತ್ಮಪರೀಕ್ಷೆ, ಪಾಪನಿವೇದನೆ ಎಂಬ ಕ್ರಮಕ್ಕೆ ಅರ್ಥವಿದೆ. ಆದರೆ ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ ಹನ್ನೊಂದನೆಯ ಅಧ್ಯಾಯವನ್ನು ಆ ವಚನಕ್ಕಿಂತ ಸ್ವಲ್ಪ ಹಿಂದಿನಿಂದ ಓದಿರಿ. ಅಲ್ಲಿ ಪೌಲನು ಗದರಿಸುವುದು ಯಾರನ್ನು? ಉಳ್ಳವರು ತಮ್ಮ ಊಟವನ್ನು ಮೊದಲೇ ಉಂಡು ತೃಪ್ತರಾಗುತ್ತಿದ್ದರು, ಇಲ್ಲದವರು ಹಸಿದಿರುತ್ತಿದ್ದರು. ಹಾಗೆ ಬಡವರನ್ನು ನಾಚಿಕೆಪಡಿಸಿದವರಿಗೇ ಆ ಎಚ್ಚರಿಕೆಯ ಮಾತು ಬರೆಯಲ್ಪಟ್ಟಿತು. ಬೇರೆಯವರನ್ನು ದೂರವಿಡಲು ನಾವು ಎತ್ತಿ ಹಿಡಿಯುವ ವಚನವು ದೂರವಿಟ್ಟವರ ವಿರುದ್ಧವೇ ಬರೆದದ್ದು ಎಂದಾಗ ನಾವು ತಡೆದು ಯೋಚಿಸಬೇಕು.

ಆದ್ದರಿಂದ ಕ್ರಮವು ಇರಲಿ, ಅವಮಾನ ಬೇಡ. ಭೋಜನದಲ್ಲಿ ಇನ್ನೂ ಪಾಲುಗೊಳ್ಳದ ನೆರೆಯವನು ಪ್ರಾರ್ಥನೆಗೆಂದು ಬಂದರೆ, ಅವನಿಗೆ ಆಶೀರ್ವಾದದ ಮಾತೊಂದು ದೊರೆಯಲಿ. ಅವನು ಕುಳಿತಲ್ಲಿ ಕುತೂಹಲದ ನೋಟಗಳು ಬೀಳದಿರಲಿ. ಸಭೆಯ ಸದಸ್ಯಳೇ ಆಗಿದ್ದು, ಮದುವೆ ಮುರಿದದ್ದಕ್ಕಾಗಿ ಜನರ ಬಾಯಿಗೆ ಅಂಜಿ ವರ್ಷಗಟ್ಟಲೆ ಮೇಜಿಗೆ ಬಾರದ ಸಹೋದರಿಯಿದ್ದರೆ, ಆಕೆಯ ಯೋಗ್ಯತೆಯನ್ನು ತೂಗುವ ಮೊದಲು ನಮ್ಮ ನಾಲಗೆಯನ್ನು ತೂಗಿಕೊಳ್ಳೋಣ. 2020ರ ಮಹಾಮಾರಿಯ ಕಾಲದಲ್ಲಿ ಎಲ್ಲರೂ ಒಂದೇ ಪಾತ್ರೆಯಿಂದ ಕುಡಿಯುವುದನ್ನು ಅನೇಕ ಸಭೆಗಳು ನಿಲ್ಲಿಸಬೇಕಾಯಿತು. ರೋಗದ ಭಯದಿಂದ ಹಾಗೆ ಮಾಡಿದ್ದು ಸರಿಯೇ. ಪಕ್ಕದವನ ಬಾಯಿ ತಾಗಿದ ಪಾತ್ರೆಯೆಂಬ ಹಳೆಯ ಹೇಸಿಗೆಯು ಆ ಭಯದ ಮರೆಯಲ್ಲಿ ಹಿಂತಿರುಗಿ ಬಾರದಂತೆ ನಾವು ಎಚ್ಚರವಾಗಿರಬೇಕು.

ಸ್ವಾಗತವನ್ನು ನಾವು ತೋರುವ ಔದಾರ್ಯವೆಂದು ಭಾವಿಸುವುದರಿಂದಲೇ ತಪ್ಪು ಆರಂಭವಾಗುತ್ತದೆ. ಮನೆಯ ಯಜಮಾನನಾದರೆ ಯಾರನ್ನು ಎಲ್ಲಿ ಕುಳ್ಳಿರಿಸಬೇಕೆಂದು ನಿರ್ಣಯಿಸಬಹುದು. ಆದರೆ ಆ ಮೇಜು ನಮ್ಮದಲ್ಲ, ಕರ್ತನದು. ತಲೆಮಾರುಗಳಿಂದ ಸಭೆಯಲ್ಲಿರುವ ಕುಟುಂಬದ ಹಿರಿಯರೂ, ಕಳೆದ ವಾರ ಬಂದ ಕೂಲಿಯಾಳೂ ಅಲ್ಲಿ ಒಂದೇ ರೀತಿ ಬರಿಗೈಯನ್ನು ಚಾಚುತ್ತಾರೆ. ಮೊದಲು ಬಂದ ಅತಿಥಿಯು ತಡವಾಗಿ ಬಂದ ಅತಿಥಿಯನ್ನು ಹೊರಗೆ ನಿಲ್ಲಿಸುವಂತಿಲ್ಲ. ಸ್ವಲ್ಪ ಸರಿದು ಸ್ಥಳ ಕೊಡಬಹುದಷ್ಟೇ.

ಪ್ರಿಯರೇ, ಬರುವ ಭಾನುವಾರ ನೀವು ಸಭೆಗೆ ಹೋದಾಗ ನಿಮ್ಮ ಬೆಂಚಿನ ಕೊನೆಯಲ್ಲಿ ಪರಿಚಯವಿಲ್ಲದವರು ಕುಳಿತಿದ್ದರೆ, ನಿಮ್ಮ ಹಾಡಿನ ಪುಸ್ತಕವನ್ನು ಅವರಿಗೂ ಕಾಣುವಂತೆ ಹಿಡಿಯಿರಿ. ಅವರಿಗೆ ಓದು ಬಾರದಿದ್ದರೆ ಸ್ವಲ್ಪ ಗಟ್ಟಿಯಾಗಿ, ನಿಧಾನವಾಗಿ ಹಾಡಿರಿ. ಕರ್ತನು ನಮ್ಮೆಲ್ಲರನ್ನೂ ತನ್ನ ಮೇಜಿನಲ್ಲಿ ಕೂಡಿಸಲಿ.