ಪಿತೃವೈರವೂ ಪುತ್ರಧರ್ಮವೂ

ತಂದೆಯ ಧನಕ್ಕೆ ಮಗನು ಹಕ್ಕುದಾರನು. ತಂದೆಯ ಸಾಲವನ್ನು ತೀರಿಸುವುದೂ ಅವನಿಗೆ ಕರ್ತವ್ಯವೇ ಸರಿ. ಆದರೆ ತಂದೆಯ ಹಗೆಯೂ ಅವನಿಗೆ ದಾಯವಾಗಿ ಬರತಕ್ಕುದೇ? ಈ ಪ್ರಶ್ನೆಯ ವಿಚಾರಕ್ಕೆ ಕಾರ್ಥೇಜಿನ ಸೇನಾನಿ ಹ್ಯಾನಿಬಲನ ಚರಿತ್ರೆಯು ಉಚಿತವಾದ ನಿದರ್ಶನವಾಗಿದೆ.

ಕ್ರಿ. ಪೂ. 241 ರಲ್ಲಿ ಕಾರ್ಥೇಜು ರೋಮಿಗೆ ಸೋತು ಸಿಸಿಲಿಯನ್ನು ಬಿಟ್ಟುಕೊಟ್ಟಿತು. ಬಳಿಕ ಅದು ತನ್ನ ಕೂಲಿಪಡೆಯ ದಂಗೆಯಿಂದ ಬಳಲಿದ್ದ ಸಮಯವನ್ನು ನೋಡಿ ರೋಮು ಸಾರ್ಡೀನಿಯವನ್ನೂ ಕಿತ್ತುಕೊಂಡಿತು. ಈ ಅನ್ಯಾಯವು ಹ್ಯಾನಿಬಲನ ತಂದೆ ಹಮಿಲ್ಕಾರನ ಎದೆಯಲ್ಲಿ ಮುಳ್ಳಾಗಿ ನಿಂತಿತು. 237 ರಲ್ಲಿ ಸ್ಪೇನಿಗೆ ಹೊರಡುವಾಗ ಅವನು ಒಂಬತ್ತು ವರ್ಷದ ಮಗನನ್ನು ಬಲಿಪೀಠದ ಬಳಿಗೆ ಕರೆದು, ತನ್ನೊಡನೆ ಬರುವೆಯಾ ಎಂದು ಕೇಳಿದನು. ಬಾಲಕನು ಹರ್ಷದಿಂದ ಒಪ್ಪಿದನು. ಆಗ ತಂದೆಯು ಅವನ ಕೈಯನ್ನು ಬಲಿಯ ಮೇಲಿರಿಸಿ, ಎಂದೆಂದಿಗೂ ರೋಮನ್ನರ ಮಿತ್ರನಾಗೆನೆಂದು ಆಣೆ ಮಾಡಿಸಿದನು. ಗ್ರೀಕ್ ಚರಿತ್ರಕಾರನಾದ ಪಾಲಿಬಿಯಸನು ಹೀಗೆ ಹೇಳಿದ್ದಾನೆ.

ಹ್ಯಾನಿಬಲನು 218 ರಲ್ಲಿ ಆಲ್ಪ್ಸ್ ಪರ್ವತಗಳನ್ನು ದಾಟಿ, 216 ರಲ್ಲಿ ಕ್ಯಾನೇ ಎಂಬಲ್ಲಿ ರೋಮಿನ ಮಹಾಸೈನ್ಯವನ್ನು ನಾಶಗೊಳಿಸಿ, ಹದಿನೈದು ವರ್ಷ ಇಟಲಿಯಲ್ಲಿ ನೆಲೆನಿಂತು, ಕಡೆಗೆ 202 ರಲ್ಲಿ ಜಾಮಾದಲ್ಲಿ ಸೋತುದು ಲೋಕಪ್ರಸಿದ್ಧವಾದ ಕಥೆ.

ಕೊಟ್ಟ ಮಾತನ್ನು ನಡೆಸಿದವನು ಸ್ತುತ್ಯನಲ್ಲವೇ, ಭೀಷ್ಮನೂ ತಂದೆಗಾಗಿಯೇ ಪ್ರತಿಜ್ಞೆಗೈದನಲ್ಲವೇ ಎಂದು ಕೆಲವರು ಕೇಳಬಹುದು. ಭೀಷ್ಮನು ತಿಳಿದವನಾಗಿ, ತಾನಾಗಿಯೇ, ತನ್ನ ಸುಖವನ್ನು ತೊರೆದನು. ಈ ಬಾಲಕನಿಗಾದರೋ ಬೇಕಾಗಿದ್ದುದು ತಂದೆಯ ಸಂಗಡ ಹೋಗುವುದು. ಆಣೆಯು ಅದಕ್ಕೆ ತೆತ್ತ ಬೆಲೆ. ಬಾಲಕನು ಬರೆದುಕೊಟ್ಟ ಪತ್ರವು ವ್ಯವಹಾರದಲ್ಲಿ ಸಲ್ಲದೆಂದ ಮೇಲೆ, ಬಾಳನ್ನೇ ಒತ್ತೆಯಿಟ್ಟ ಮಾತು ಸಲ್ಲುವುದೆಂತು?

ಹ್ಯಾನಿಬಲನ ಸ್ವಭಾವವು ಆ ಆಣೆಗಿಂತ ದೊಡ್ಡದಾಗಿದ್ದಿತು. 196 ರಲ್ಲಿ ಅವನು ಸ್ವದೇಶದ ಮುಖ್ಯಾಧಿಕಾರಿಯಾದನು. ಜೀವಾವಧಿ ಅಧಿಕಾರದಲ್ಲಿ ಕೊಬ್ಬಿದ್ದ ನ್ಯಾಯಾಧಿಪತಿಗಳನ್ನು ವರ್ಷವರ್ಷವೂ ಚುನಾಯಿಸಬೇಕೆಂದು ವಿಧಿಸಿದನು. ಬೊಕ್ಕಸವನ್ನು ನುಂಗುತ್ತಿದ್ದವರನ್ನು ಬಯಲಿಗೆಳೆದು, ಪ್ರಜೆಗಳ ಮೇಲೆ ಹೊಸ ತೆರಿಗೆ ಹೇರದೆಯೇ ರೋಮಿನ ಕಪ್ಪವನ್ನು ಸಲ್ಲಿಸಬಹುದೆಂದು ತೋರಿಸಿದನು. ಆ ಕಪ್ಪವು 50 ವರ್ಷಗಳಲ್ಲಿ ತೀರಿಸಬೇಕಾದ 10,000 ಟ್ಯಾಲೆಂಟು. 191 ರಲ್ಲಿಯೇ ಕಾರ್ಥೇಜು ಬಾಕಿಯೆಲ್ಲವನ್ನೂ ಒಮ್ಮೆಗೇ ಕೊಡಲು ಮುಂದಾಯಿತು. ಈ ಕಾರ್ಯದಲ್ಲಿ ಹಗೆಯ ಲೇಶವೂ ಇರಲಿಲ್ಲ.

ಆದರೆ ನಷ್ಟಹೊಂದಿದ ಶ್ರೀಮಂತರು, ಅವನು ಸಿರಿಯದ ಅರಸ ಆಂಟಿಯೋಕಸನೊಡನೆ ಒಳಸಂಚು ನಡೆಸಿರುವನೆಂದು ರೋಮಿಗೆ ದೂರಿತ್ತರು. ಅವನನ್ನು ಗೆದ್ದ ಸಿಪಿಯೋವೇ ಇಂಥ ದೂರಿಗೆ ರೋಮು ಕಿವಿಗೊಡುವುದು ಅನುಚಿತವೆಂದರೂ ಫಲವಾಗಲಿಲ್ಲ. ಹಗೆಗೆ ಹೆಸರಾದವನ ಮೇಲಣ ದೂರನ್ನು ನಂಬಲು ಸಾಕ್ಷ್ಯವೇಕೆ? 195 ರಲ್ಲಿ ಅವನು ದೇಶಭ್ರಷ್ಟನಾದನು. ಮುಂದೆ ಆಂಟಿಯೋಕಸನೂ ಶಂಕಿಸಿದಾಗ, ಬಾಲ್ಯದ ಆಣೆಯ ಕಥೆಯನ್ನು ಹೇಳಿಯೇ ನಂಬಿಸಬೇಕಾಯಿತು. ಪರಸ್ಥಳದಲ್ಲಿ ಅವನಿಗೆ ಉಳಿದಿದ್ದ ಪಿತ್ರಾರ್ಜಿತವು ಅದೊಂದೇ. ಸುಮಾರು 183 ರಲ್ಲಿ ಬಿಥೀನಿಯದಲ್ಲಿ, ರೋಮನ್ನರ ಕೈಗೆ ಸಿಕ್ಕಬಾರದೆಂದು ವಿಷವನ್ನು ಕುಡಿದು ಮಡಿದನು.

ತಂದೆಯು ಪ್ರೀತಿಸಿದುದನ್ನು ಕಾಯುವುದರಿಂದ ಪಿತೃಋಣವು ತೀರುವುದೇ ಹೊರತು, ಅವನು ದ್ವೇಷಿಸಿದುದನ್ನು ದ್ವೇಷಿಸುವುದರಿಂದಲ್ಲ. ಹಮಿಲ್ಕಾರನು ಪ್ರೀತಿಸಿದ್ದುದು ಕಾರ್ಥೇಜನ್ನು. ಅದರ ಋಣವನ್ನು ಮಗನು ಆ ಒಂದು ವರ್ಷದ ಅಧಿಕಾರದಲ್ಲಿಯೇ ಚೆನ್ನಾಗಿ ತೀರಿಸಿದನು. ದಾಯಾದಿಗಳ ವ್ಯಾಜ್ಯವನ್ನು ಮಕ್ಕಳ ಕಿವಿಯಲ್ಲಿ ದಿನವೂ ಊದುವ ಹಿರಿಯರು ಹಮಿಲ್ಕಾರನ ಬಲಿಪೀಠವನ್ನು ನೆನೆಯುವುದೊಳ್ಳೆಯದು.