ಬಡ್ಡಿಯ ದುಡ್ಡಿನ ಆಕಾಶ

ಪಾಪದ ದುಡ್ಡಿನಿಂದ ಪುಣ್ಯದ ಕೆಲಸ ಆಗುತ್ತದೆಯೇ? ಯಾರೋ ದೇವರಿಗೆ ಚಿನ್ನದ ಕಿರೀಟ ಮಾಡಿಸಿದರೆಂಬ ಸುದ್ದಿ ಬಂದಾಗಲೆಲ್ಲ ನಾವು ಹೆಂಗಸರು ಮೆಲ್ಲಗೆ ಆಡಿಕೊಳ್ಳುವ ಮಾತು ಇದು. ಇದೇ ಪ್ರಶ್ನೆಯನ್ನು 700 ವರ್ಷಗಳಿಂದ ಗೋಡೆಯ ಮೇಲೆ ಹೊತ್ತು ನಿಂತ ಪುಟ್ಟ ಚರ್ಚೊಂದು ಇಟಲಿಯ ಪಾದುವಾ ನಗರದಲ್ಲಿದೆ. ಸ್ಕ್ರೊವೆನ್ಯಿ ಎಂಬ ಸಾಹುಕಾರ ಮನೆತನ ಕಟ್ಟಿಸಿದ್ದು.

ಹೊರಗಿನಿಂದ ಅದು ಬರೀ ಇಟ್ಟಿಗೆಯ ಕಟ್ಟಡ. ಒಳಗಿನ ಚಿತ್ರಗಳಿಗೆ ಹೊರಗಿನ ಧೂಳು, ತೇವ ತಾಗಬಾರದೆಂದು ನಮ್ಮನ್ನು ಮೊದಲು ಬೇರೊಂದು ಕೋಣೆಯಲ್ಲಿ 15 ನಿಮಿಷ ಕೂರಿಸುತ್ತಾರೆ. ಆಮೇಲೆ ಬಾಗಿಲು ತೆರೆಯುತ್ತದೆ. ತಲೆ ಎತ್ತಿದರೆ ಛಾವಣಿಯ ತುಂಬ ಕಡುನೀಲಿ, ಅದರಲ್ಲಿ ಹೊನ್ನಿನ ನಕ್ಷತ್ರಗಳು. ಮಾತು ತಾನಾಗಿಯೇ ನಿಂತುಹೋಗುತ್ತದೆ.

ಮನೆತನದ ಹಿರಿಯ ರೆಜಿನಾಲ್ಡೊ ಬಡ್ಡಿ ವ್ಯಾಪಾರಿ. ಆ ಕಾಲದ ಕ್ರೈಸ್ತರಿಗೆ ಬಡ್ಡಿ ಘೋರ ಪಾಪ. ಮಹಾಕವಿ ದಾಂತೆ ತನ್ನ ಕಾವ್ಯದ ನರಕದಲ್ಲಿ ಬಡ್ಡಿಕೋರರ ನಡುವೆ ಒಬ್ಬನನ್ನು ಕೂರಿಸಿದ್ದಾನೆ. ಅವನ ಕೊರಳ ಚೀಲದ ಮೇಲೆ ಈ ಮನೆತನದ ಗುರುತಾದ ಹೆಣ್ಣುಹಂದಿಯ ಚಿತ್ರ. ಹೆಸರು ಹೇಳದಿದ್ದರೂ ಓದಿದವರು ರೆಜಿನಾಲ್ಡೊ ಎಂದೇ ಗುರುತಿಸಿದರು. ಅವನ ಮಗ ಎನ್ರಿಕೊ 1300ರಲ್ಲಿ ಜಾಗ ಕೊಂಡು ಈ ಚರ್ಚು ಕಟ್ಟಿಸಿದ, ಜೊತ್ತೊ ಎಂಬ ಕಲಾವಿದನಿಂದ ಗೋಡೆಗಳಿಗೆಲ್ಲ ಚಿತ್ರ ಬರೆಸಿದ. ತಂದೆಯ ಪಾಪ ತೊಳೆಯಲೆಂದೇ ಕಟ್ಟಿಸಿದ ಎಂಬ ಮಾತು ಹಿಂದಿನಿಂದ ಬಂದಿದೆ. ಪಕ್ಕದ ಮಠದ ಸನ್ಯಾಸಿಗಳು ಮಾತ್ರ 1305ರಲ್ಲಿಯೇ, ಇದರಲ್ಲಿ ಭಕ್ತಿಗಿಂತ ಆಡಂಬರವೇ ಹೆಚ್ಚೆಂದು ದೂರು ಕೊಟ್ಟಿದ್ದರು.

ಬಾಗಿಲ ಮೇಲಿನ ಗೋಡೆಯಲ್ಲಿ ಅಂತಿಮ ತೀರ್ಪಿನ ದೊಡ್ಡ ಚಿತ್ರವಿದೆ. ಉದ್ಧಾರವಾದವರ ಕಡೆ ಎನ್ರಿಕೊ ಮೊಣಕಾಲೂರಿ, ಚರ್ಚಿನ ಪುಟ್ಟ ಮಾದರಿಯನ್ನು ಮೇರಿಗೆ ಅರ್ಪಿಸುತ್ತಿದ್ದಾನೆ. ಅದೇ ಗೋಡೆಯ ಇನ್ನೊಂದು ಕಡೆ ನರಕ. ಅಲ್ಲಿ ಬಡ್ಡಿಕೋರರು ತಮ್ಮ ಹಣದ ಚೀಲದ ದಾರಕ್ಕೇ ನೇತುಬಿದ್ದಿದ್ದಾರೆ! ಆ ನೇಣಿನ ಬಣ್ಣಕ್ಕೂ ದುಡ್ಡು ಕೊಟ್ಟವನು ಎನ್ರಿಕೊನೇ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ ಎರಡು ಚಿತ್ರ. ಮಕ್ಕಳಿಲ್ಲದ ಆನ್ನಾಳಿಗೆ, ಮುಂದೆ ಮೇರಿಯ ತಾಯಿಯಾಗುವವಳಿಗೆ, ದೇವದೂತ ಕಿಟಕಿಯಿಂದ ಶುಭವಾರ್ತೆ ಹೇಳುತ್ತಿದ್ದಾನೆ. ಹೊರಗಡೆ ಕೆಲಸದವಳೊಬ್ಬಳು ನೂಲುತ್ತ ಕೂತಿದ್ದಾಳೆ, ಕಿವಿಯೆಲ್ಲ ಒಳಗಡೆಯೇ! ಇನ್ನೊಂದರಲ್ಲಿ ಹೆರೋದ ರಾಜನ ಸೈನಿಕರು ಹಸುಗೂಸುಗಳನ್ನು ಕೊಲ್ಲುತ್ತಿದ್ದಾರೆ. ತಾಯಂದಿರ ಕೆನ್ನೆಯ ಮೇಲೆ ಕಣ್ಣೀರು.

ಈ ಕಣ್ಣೀರನ್ನು ಬಡ್ಡಿಯ ದುಡ್ಡಿನದೆಂದು ತಳ್ಳಿಹಾಕಲಾದೀತೆ? ನನ್ನಿಂದಾಗದು. ಅದು ಕಲಾವಿದನ ಕೈ ಮತ್ತು ಕರುಳು ದುಡಿದು ಮಾಡಿದ್ದು. ಹಾಗೆಂದು ಎನ್ರಿಕೊನ ಸಾಲ ತೀರಿತೇ? ಅದೂ ಇಲ್ಲ. ಬಡ್ಡಿ ಕಟ್ಟಲಾರದೆ ಮನೆ ಕಳೆದುಕೊಂಡವರಿಗೆ ಕೊಡಬೇಕಾದದ್ದನ್ನು ದೇವರಿಗೆ ಕೊಟ್ಟರೆ ಲೆಕ್ಕ ಚುಕ್ತಾ ಆಗುವುದು ಹೇಗೆ? ಕ್ಷಮಿಸುವ ಹಕ್ಕಿದ್ದದ್ದು ಅವರಿಗೆ. ಆದರೆ ಈ ಗೋಡೆಗಳಲ್ಲಿ ಸಾಹುಕಾರನ ಮುಖವಿದೆ, ಸಾಲಗಾರರದು ಒಂದೂ ಇಲ್ಲ.

ಚೆಲುವು ಒಂದು ಲೆಕ್ಕ, ಋಣ ಇನ್ನೊಂದು. ಒಂದರಲ್ಲಿ ಜಮೆ ಮಾಡಿ ಇನ್ನೊಂದರಲ್ಲಿ ಹೊಡೆದುಹಾಕುವ ಹಾಗಿಲ್ಲ. ದಾನಿಯ ಹೆಸರು ಕೆತ್ತಿದ ಕಲ್ಲಿನ ಮುಂದೆ ನಿಂತಾಗ, ಕಟ್ಟಿದ ಕೈಗಳಿಗೆ ಮನಸಾರೆ ಮುಗಿಯೋಣ. ಜೊತೆಗೇ, ಈ ದುಡ್ಡು ಯಾರ ಮನೆಯಿಂದ ಬಂತು ಎಂದು ಕೇಳುವುದನ್ನೂ ಬಿಡದಿರೋಣ.